ದಾರಿ ಕಡಿದ ಮನೆಯ ದಿನಲೆಕ್ಕ



ದತ್ತಿ ಉಪನ್ಯಾಸವೆಂದರೆ ಹಳಗನ್ನಡದ ಬಗ್ಗೆಯೋ ಶಾಸನಗಳ ಬಗ್ಗೆಯೋ ಇರಬೇಕೆಂಬುದು ನಮ್ಮಲ್ಲಿ ಬೆಳೆದು ಬಂದ ರೂಢಿ. ಈ ದತ್ತಿಯ ದಾನಿಗಳು ಮಾತ್ರ ರೈತರ ಮನೆಗೆ ಬಳಕೆಗೆ ಬರುವ ವಿಷಯವೇ ಆಗಬೇಕೆಂದು ಬಯಸಿದ್ದಾರೆ. ಆದ್ದರಿಂದ ಇವತ್ತು ನಾನು ಉಪ್ಪು, ಸೌದೆ, ಬ್ಲೀಚಿಂಗ್ ಪುಡಿ, ಸಕ್ಕರೆ ಕಾಯಿಲೆಯ ಮಾತ್ರೆ, ದನದ ಕೊರಳ ಹಗ್ಗ ಇಂಥವನ್ನೇ ಹಿಡಿದು ಮಾತಾಡುತ್ತೇನೆ. ಪಂಡಿತರು ಮನ್ನಿಸಬೇಕು.

ಮೊದಲಿಗೆ ಒಂದು ಪ್ರಶ್ನೆ. ಇವತ್ತು ರಾತ್ರಿ ನಿಮ್ಮೂರಿನ ದಾರಿ ಕಡಿಯಿತು ಎನ್ನಿ. ಧರೆ ಕುಸಿದೋ, ಸೇತುವೆ ಮುಳುಗಿಯೋ, ಮರ ಬಿದ್ದೋ. ಕರೆಂಟು ಹೋಯಿತು, ಮಾರನೆಯ ದಿನ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯಿತು. ಹೊರಗಿನಿಂದ ಏನೂ ತರದೆ ನಿಮ್ಮ ಮನೆ ಎಷ್ಟು ದಿನ ನಡೆದೀತು? ಹೆಚ್ಚಿನವರು ಅಕ್ಕಿಯ ಡಬ್ಬಿಯನ್ನು ನೆನೆದು ‘ತಿಂಗಳು ನಡೆಯುತ್ತೆ ಬಿಡಿ’ ಎಂದುಬಿಡುತ್ತಾರೆ. ಆದರೆ ಅದೇ ಮನೆಯ ಅಜ್ಜನಿಗೆ ರಕ್ತದೊತ್ತಡದ ಮಾತ್ರೆ ಉಳಿದಿರುವುದು ಎರಡೇ ದಿನಕ್ಕೆ. ಕುಡಿಯುವ ನೀರು ಬರುವುದು ಬೋರ್‌ವೆಲ್ಲಿನಿಂದ, ಅದು ಏಳಲು ಕರೆಂಟು ಬೇಕು, ಮೇಲಿನ ಟ್ಯಾಂಕಿನಲ್ಲಿರುವುದು ಒಂದು ದಿನದ ನೀರು. ಹಾಗಾದರೆ ಆ ಮನೆ ನಡೆಯುವುದು ಒಂದು ದಿನ. ದಿನಲೆಕ್ಕ ಹಿಡಿಯಬೇಕಾದದ್ದು ಹೆಚ್ಚಿಗೆ ಇರುವ ಸಾಮಾನಿನಿಂದಲ್ಲ, ಮೊದಲು ಮುಗಿಯುವ ಸಾಮಾನಿನಿಂದ. ಸ್ವಾವಲಂಬನೆ ಎಂಬ ದೊಡ್ಡ ಮಾತಿಗೆ ನಾನು ಕಂಡುಕೊಂಡಿರುವ ಅಳತೆ ಇದು.

ಮಲೆನಾಡಿನ ಹಳೆಯ ಮನೆಗಳಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯಂಥ ಕಡೆ ಮಳೆಗಾಲವೆಂದರೆ ವರ್ಷವೂ ತಪ್ಪದೆ ಬರುವ ದಿಗ್ಬಂಧನ. ಮೃಗಶಿರಾ ಹಿಡಿಯುವುದು ಜೂನ್ ಮೊದಲ ವಾರದ ಕೊನೆಗೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಕಳೆದು ಮಘಾ ಮುಗಿಯುವ ಹೊತ್ತಿಗೆ ಆಗಸ್ಟ್ ಕೊನೆ. ಈ ಎಂಬತ್ತು ಚಿಲ್ಲರೆ ದಿನಕ್ಕೆ ಬೇಕಾದದ್ದೆಲ್ಲ ಶಿವರಾತ್ರಿ ಕಳೆದಾಗಿನಿಂದ ಒಂದೊಂದಾಗಿ ಮನೆಯೊಳಗೆ ಸೇರಬೇಕು. ಸೌದೆ ಒಡೆದು, ಒಣಗಿಸಿ, ಕೊಟ್ಟಿಗೆಯ ಅಟ್ಟಕ್ಕೆ ಏರಿಸಬೇಕು. ದನದ ಕಾಲಡಿಗೆ ಹಾಸಲು ಒಣಎಲೆಯ ದರಗು ಗುಡಿಸಿ ತರಬೇಕು. ಭತ್ತ ಪಣತವೆಂಬ ಕಣಜದಲ್ಲಿದೆ, ಆದರೆ ಮಳೆ ಹಿಡಿದ ಮೇಲೆ ಒಣಗಿಸಿ ಅಕ್ಕಿ ಮಾಡಿಸುವುದು ಕಷ್ಟ, ಅದನ್ನೂ ಮೊದಲೇ ಮುಗಿಸಬೇಕು. ಹಲಸಿನ ತೊಳೆಗೆ ಉಪ್ಪು ಹಾಕಿ ಭರಣಿಯಲ್ಲಿ ಒತ್ತಿಡಬೇಕು, ಅಪ್ಪೆಮಿಡಿ ಉಪ್ಪಿನಲ್ಲಿ ಚಿರುಟಿರಬೇಕು, ಹಪ್ಪಳ, ಸಂಡಿಗೆ, ಬಾಳಕದ ಡಬ್ಬಗಳು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಬೆಚ್ಚಗೆ ಕೂತಿರಬೇಕು. ಸೌತೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನೆಲಕ್ಕಿಟ್ಟರೆ ವಾರದಲ್ಲಿ ಕೊಳೆಯುತ್ತದೆ. ಗಾಳಿ ಸುತ್ತಲೂ ಆಡಬೇಕು, ಕಾಯಿಗೆ ಕಾಯಿ ತಾಗಬಾರದು. ಇದರ ಹಿಂದಿನ ವಿಜ್ಞಾನ ಅಷ್ಟೆ.

ಮಳೆ ಹಿಡಿದ ಮೇಲೆ ಸಿಗುವುದೂ ಇತ್ತು: ಕೆಸು, ಚಗಟೆ ಸೊಪ್ಪು, ಒಂದೆಲಗ, ಕಳಲೆ. ಕಳಲೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸದೆ ಯಾರೂ ಒಲೆಗೆ ಇಡುತ್ತಿರಲಿಲ್ಲ. ಎಳೆಯ ಬಿದಿರಿನಲ್ಲಿ ಸಯನೈಡ್ ಬಿಡುವ ವಸ್ತುವಿದೆ ಎಂದು ಅವರಿಗೆ ರಸಾಯನಶಾಸ್ತ್ರ ಹೇಳಿರಲಿಲ್ಲ, ಹೊಟ್ಟೆ ಹೇಳಿತ್ತು. ನೀರಿನ ವಿಷಯವಂತೂ ಕೇಳಲೇಬೇಡಿ. ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ಬಚ್ಚಲ ತನಕ ಹರಿದು ಬರುವ ನೀರಿಗೆ ಮೀಟರೂ ಇಲ್ಲ, ಮೋಟಾರೂ ಇಲ್ಲ.

ಇದನ್ನು ಕೇಳುತ್ತಿದ್ದರೆ ಹಿತವಾಗುತ್ತದೆ. ಹಾಗೆ ಹಿತವಾಗುವುದರಲ್ಲೇ ಒಂದು ಮೋಸವಿದೆ. ಆ ಅಟ್ಟ ತುಂಬಿಸಿದವರು ಹೆಂಗಸರು. ಮಾರ್ಚಿನಿಂದ ಮೇ ತಿಂಗಳ ತನಕ ಬೆಳಗಿನ ಹಾಲು ಕರೆಯುವ ಕೆಲಸದ ಜೊತೆಗೆ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಹಪ್ಪಳ ಒತ್ತಿ, ಕಾಗೆ ಕಾದು, ಸಂಜೆಗೆ ದರಗಿನ ಹೊರೆ ಹೊತ್ತವರು ಅವರು. ಆ ದರಗು ಗುಡಿಸುವ ಕಾಲವೇ ಕಾಡಿನಲ್ಲಿ ಉಣುಗು ಹೆಚ್ಚುವ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ, ಈ ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ ಇಂದಿಗೂ ನವೆಂಬರಿನಿಂದ ಮೇ ತನಕ ಜೀವ ತೆಗೆಯುತ್ತದೆ; 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ಆ ಸೀಮೆ ಮರೆತಿಲ್ಲ. ಮಳೆಗಾಲಕ್ಕೆಂದು ಮಾಡುವ ತಯಾರಿಯೇ ಬೇಸಿಗೆಯ ಅಪಾಯವಾಗುವುದೆಂದರೆ ಹೀಗೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗಿ, ಬಂದ ಕೂಡಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ತೊಳೆದುಕೊಳ್ಳುವುದೂ ನನ್ನ ಪಟ್ಟಿಯಲ್ಲಿ ಸೌದೆಯಷ್ಟೇ ಮುಖ್ಯವಾದದ್ದು.

ಮೋಸದ ಇನ್ನೊಂದು ಮುಖ ಬಯಲುಸೀಮೆಯ ಹಗೇವಿನಲ್ಲಿ ಕಾಣುತ್ತದೆ. ಹಗೇವು ನಮ್ಮ ನಾಡಿನ ಅಚ್ಚರಿಯ ರಚನೆಗಳಲ್ಲಿ ಒಂದು. ನೀರು ಜಿನುಗದ ಗಟ್ಟಿ ನೆಲ ನೋಡಿ, ಬಾಯಿ ಕಿರಿದು, ಹೊಟ್ಟೆ ಅಗಲ ಇರುವಂತೆ ತೋಡಿ, ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಮದ್ದು ಬೇಡ, ಮಾತ್ರೆ ಬೇಡ. ರಾಗಿಯಾದರೆ ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಹಗೇವು ತೆಗೆದ ದಿನ ಬಾಯಿ ಬಿಚ್ಚಿ ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಗೇವು ಹೋಯಿತು, ಆದರೆ ಆ ಕೆಟ್ಟ ಗಾಳಿ ಹೋಗಿಲ್ಲ. ಪಾಳು ಬಾವಿ, ಗೋಬರ್ ಗ್ಯಾಸಿನ ಗುಂಡಿ, ರಸಮೇವಿನ ಗುಂಡಿ, ಶೌಚದ ಗುಂಡಿ ಇವುಗಳಲ್ಲಿ ಒಬ್ಬ ಬಿದ್ದನೆಂದು ಇನ್ನೊಬ್ಬ, ಅವನನ್ನು ಎತ್ತಲು ಮಗದೊಬ್ಬ ಇಳಿದು ಒಂದೇ ಮನೆಯ ಮೂವರು ಸಾಯುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಇಳಿಯಬೇಡಿ. ಹಗ್ಗ ಬಿಡಿ, ಕೂಗಿ ಮಾತಾಡಿಸಿ, ಅಗ್ನಿಶಾಮಕದವರನ್ನು ಕರೆಸಿ. ದೀಪದ ಪರೀಕ್ಷೆ ಕಾಳಿನ ಹಗೇವಿಗೆ ಹೇಳಿದ ಮಾತು, ಗೋಬರ್ ಗ್ಯಾಸಿನ ಹತ್ತಿರ ಬೆಂಕಿ ಒಯ್ದರೆ ಬೇರೆಯೇ ಅನಾಹುತ. ಮಳೆಗಾಲದ ರಾತ್ರಿ ಚಳಿಗೆಂದು ಬಾಗಿಲು ಕಿಟಕಿ ಭದ್ರ ಮಾಡಿ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಳ್ಳುವುದೂ, ಪಡಸಾಲೆಯಲ್ಲೇ ಜನರೇಟರ್ ಓಡಿಸುವುದೂ ಇದೇ ಜಾತಿಯ ಅಪಾಯ. ವಾಸನೆಯಿಲ್ಲದ ಅನಿಲ, ನಿದ್ದೆಯಲ್ಲೇ ಕೆಲಸ ಮುಗಿಸುತ್ತದೆ.

ಹಗೇವಿಗೆ ಮರಳೋಣ. ಊರಿನಲ್ಲಿ ಹಗೇವು ಇದ್ದದ್ದು ಯಾರಿಗೆ? ಹೊಲ ಇದ್ದವರಿಗೆ. ಹೊಲದಲ್ಲಿ ದುಡಿದವರಿಗೆ ಅಲ್ಲ. 1876ರಿಂದ 78ರ ತನಕ ಬಿದ್ದ ಧಾತು ಬರದ ಲೆಕ್ಕ ನೋಡಿ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ಹೀಗೆ ಕರಗಿಹೋದವರಲ್ಲಿ ಕೂಲಿಯವರೂ ಕುಶಲಕರ್ಮಿಗಳೂ ಮೊದಲಿಗರು. ಮಲೆನಾಡಿನಲ್ಲೂ ಅಷ್ಟೆ: ಪಣತ ಇದ್ದ ಮನೆಗೆ ಆಷಾಢ ಹಪ್ಪಳ ಸುಡುವ ತಿಂಗಳು, ಕೂಲಿಯ ಮನೆಗೆ ಒಡೆಯರ ಬಾಗಿಲಲ್ಲಿ ಭತ್ತ ಸಾಲ ತಂದು, ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ಅಳೆದು ಕೊಡುವ ತಿಂಗಳು. ಆದ್ದರಿಂದ ‘ನಮ್ಮ ಹಿರಿಯರು ಎಷ್ಟು ಸ್ವಾವಲಂಬಿಗಳಾಗಿದ್ದರು’ ಎಂದು ಯಾರಾದರೂ ಶುರುಮಾಡಿದರೆ ಯಾವ ಹಿರಿಯರು ಎಂದು ನಾನು ಕೇಳುತ್ತೇನೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯಿಂದ ಜನ ಸೋಮಾರಿಗಳಾದರು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಭೂಮಿಯಿಲ್ಲದ ಮನೆಗೆ ಈ ನಾಡಿನಲ್ಲಿ ಸಿಕ್ಕ ಮೊದಲ ಹಗೇವು ಆ ಅಂಗಡಿಯೇ. ಅದರ ಅಕ್ಕಿ ಮಳೆಗೆ ಮುಂಚೆ ಸಿಗಬೇಕು ಎಂಬುದಷ್ಟೇ ನನ್ನ ವಾದ. 2025ರಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಪಡಿತರವನ್ನು ಮುಂಗಡವಾಗಿ ಹಂಚುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಿತ್ತು. ಒಂದು ವರ್ಷ ಆಗಬಹುದಾದದ್ದು ಕಾಡಿನಂಚಿನ, ಹೊಳೆಯಾಚೆಯ ಊರುಗಳಿಗೆ ಪ್ರತಿವರ್ಷ ಏಕಾಗಬಾರದು?

ಹೊಳೆಯಾಚೆ ಎಂದಾಗ ನೆನಪಾಗುವುದು ತುಮರಿ ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ಹಿನ್ನೀರು ಹರಡಿತು. ಕರೂರು, ಬಾರಂಗಿ ಹೋಬಳಿಗಳ ಜನ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಬರಲು ಹೊಳೆಬಾಗಿಲಿನ ಲಾಂಚನ್ನು ನಂಬಬೇಕಾಯಿತು. ನಾಡಿಗೆ ಬೆಳಕು ಕೊಡಲು ಮುಳುಗಿದ ಊರಿನವರು ಆರು ದಶಕ ಲಾಂಚಿನ ವೇಳಾಪಟ್ಟಿಯಲ್ಲಿ ಬದುಕಿದರು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಕಾಡಿನ ಸುತ್ತುದಾರಿಯೊಂದೇ ಗತಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಆ ಸೀಮೆಯ ಬದುಕಿನಲ್ಲಿ ಅದಕ್ಕಿಂತ ದೊಡ್ಡ ದಿನ ಇನ್ನೊಂದಿಲ್ಲ. ಯಾವ ಅಟ್ಟವೂ, ಯಾವ ಉಪ್ಪಿನಕಾಯಿ ಭರಣಿಯೂ ಸೇತುವೆಗೆ ಬದಲಿಯಲ್ಲ. ಸ್ವಾವಲಂಬನೆಯ ಹೆಸರಿನಲ್ಲಿ ಸರ್ಕಾರದ ಹೊಣೆಯನ್ನು ಮನೆಯ ಹೆಗಲಿಗೆ ದಾಟಿಸುವ ಮಾತು ಬಂದಾಗ ತುಮರಿಯವರನ್ನು ಕೇಳಿ ನೋಡಿ.

ಹಾಗಾದರೆ ಮನೆ ಮಾಡಬೇಕಾದದ್ದೇನು? ಸರ್ಕಾರದ ಕೈ ಬಂದು ಮುಟ್ಟುವ ತನಕದ ದಿನಗಳನ್ನು ದಾಟುವುದು. ನಾನು ಏಳು ದಿನ ಎಂದಿಟ್ಟುಕೊಂಡಿದ್ದೇನೆ; ಮಲೆನಾಡಿನ ಒಂಟಿಮನೆಗಳಿಗೆ ಹದಿನೈದು. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ಅಕ್ಕಿ, ರಾಗಿ ಎಂದರೂ ಹದಿನೈದು ದಿನಕ್ಕೆ ಮೂವತ್ತು ಕಿಲೋ. ಬೇಳೆ, ಬೆಲ್ಲ, ಎಣ್ಣೆ, ಉಪ್ಪು ಅದರ ಹಿಂದೆ. ಇದೇನೂ ದೊಡ್ಡ ಸಂಗ್ರಹವಲ್ಲ, ಹೊಸದಾಗಿ ಕೊಳ್ಳಬೇಕಾದದ್ದೂ ಇಲ್ಲ. ಹಳೆಯದನ್ನು ಮೊದಲು ಬಳಸಿ, ತಂದ ಹೊಸದನ್ನು ಹಿಂದಕ್ಕೆ ಇಡುವ ಅಭ್ಯಾಸವಾದರೆ ಸಾಕು. ಕಾಳು ಹಲ್ಲಿಗೆ ಕಚ್ಚಿದರೆ ಕಟಕ್ಕೆನ್ನುವಷ್ಟು ಒಣಗಿರಬೇಕು. ಗ್ಯಾಸ್ ಸಿಲಿಂಡರ್ ಇದ್ದವರೂ ಒಂದು ಒಲೆ, ವಾರದ ಒಣಸೌದೆ ಇಟ್ಟುಕೊಳ್ಳಲಿ. ಆಹಾರದ ಬಗ್ಗೆ ಇಷ್ಟು ಸಾಕು. ಹಳ್ಳಿಯ ಮನೆಗಳಲ್ಲಿ ಮೊದಲು ಮುಗಿಯುವುದು ಸಾಮಾನ್ಯವಾಗಿ ಅನ್ನವಲ್ಲ.

ಮೊದಲು ಮುಗಿಯುವುದು ನೀರು. ಸುತ್ತಲೂ ನೀರು ಸುರಿಯುತ್ತಿರುವಾಗ ಕುಡಿಯುವ ನೀರು ಮುಗಿಯುವುದೇ ನೆರೆಯ ಕುಚೋದ್ಯ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ಎಂಟು ಲೀಟರ್ ಹಿಡಿಯಿರಿ. ಐವರಿಗೆ ಏಳು ದಿನಕ್ಕೆ 280 ಲೀಟರ್. ಮುಚ್ಚಳವಿರುವ ಎರಡು ಡ್ರಮ್ಮು. ಮಾಡಿನ ನೀರು ಹಿಡಿಯುವ ಲೆಕ್ಕ ಇನ್ನೂ ಸುಲಭ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ಮಾಡಿಗೆ, ವರ್ಷಕ್ಕೆ 600 ಮಿಲಿಮೀಟರ್ ಮಾತ್ರ ಮಳೆಯಾಗುವ ಬಯಲಿನಲ್ಲೂ, ಸೋರಿ ಚೆಲ್ಲಿದ್ದು ಕಳೆದರೂ 48,000 ಲೀಟರ್ ಸಿಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಪಾವಗಡ, ಮುಂಡರಗಿಯಂಥ ಕಡೆ ಇದು ಬರೀ ಆಪತ್ತಿನ ನೀರಲ್ಲ, ವರ್ಷವಿಡೀ ಹಲ್ಲು, ಮೂಳೆ ಕಾಯುವ ನೀರು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು ಆಮೇಲೆ ಹಿಡಿಯಬೇಕು.

ಇನ್ನು ಬಾವಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುತ್ತೇವೆ ಎನ್ನುವವರಲ್ಲಿ ಬಹಳ ಜನ ಬೊಗಸೆಯಲ್ಲಿ ಹಾಗೇ ಎರಚುತ್ತಾರೆ. ಒಳ್ಳೆಯ ಪುಡಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 12,500 ಲೀಟರ್, ಬೇಕಾದ ಪುಡಿ 31 ಗ್ರಾಂ. ಅದನ್ನು ಬಕೆಟ್ಟಿನಲ್ಲಿ ನೀರಿನೊಂದಿಗೆ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಡಬೇಕು. ಕೊಡಪಾನ ಇಳಿಸಿ ಏರಿಸಿ ನೀರು ಕದಡಬೇಕು. ಒಂದು ಗಂಟೆ ಯಾರೂ ಸೇದಬಾರದು. ಡಬ್ಬಿಯ ಬಾಯಿ ತೆರೆದಿಟ್ಟ ಪುಡಿಗೆ ಕಸುವು ಉಳಿಯುವುದಿಲ್ಲ. ಕಳೆದ ವರ್ಷ ತಂದದ್ದನ್ನು ನಂಬಬೇಡಿ. ನೆರೆಯ ಕೆಂಪುನೀರು ನುಗ್ಗಿದ ಬಾವಿಗೆ ಈ ಅಳತೆ ಸಾಲದು. ಅದನ್ನು ಸೇದಿ ಖಾಲಿ ಮಾಡಿ, ಆರೋಗ್ಯ ಕಾರ್ಯಕರ್ತರಿಂದ ಶುದ್ಧಿ ಮಾಡಿಸುವ ತನಕ ಕುದಿಸಿದ ನೀರೇ ಗತಿ. ಅಷ್ಟಾಗಿಯೂ ಭೇದಿ ಹಿಡಿದರೆ ಓಆರ್‌ಎಸ್ ಪೊಟ್ಟಣ, ಅದೂ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಗೋಪುರವಾಗಬಾರದು, ಮಟ್ಟವಾಗಿರಬೇಕು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಇಂಥ ದ್ರಾವಣವನ್ನೇ ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿದ್ದರು.

ಮಾತ್ರೆಗಳ ಲೆಕ್ಕ ಸರಳ: ಬಿಡದೆ ನುಂಗಬೇಕಾದ ಮಾತ್ರೆಯಿದ್ದರೆ ಮಳೆಗಾಲದಲ್ಲಿ ಒಂದು ತಿಂಗಳದ್ದು ಕೈಯಲ್ಲಿರಲಿ. ಇನ್ಸುಲಿನ್ ಇರುವ ಮನೆಯವರು ಫ್ರಿಜ್ಜು ನಿಂತರೆ ಹೇಗೆ ಇಡಬೇಕೆಂದು ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ. ತುಂಬು ಗರ್ಭಿಣಿಯರಿದ್ದರೆ ದಿನ ಹತ್ತಿರವಾದಾಗ ರಸ್ತೆ ಹತ್ತಿರವಿರುವ ನೆಂಟರ ಮನೆಗೆ ಕಳಿಸುವುದು ನಾಚಿಕೆಯ ವಿಷಯವಲ್ಲ.

ಹಾವಿನ ವಿಷಯದಲ್ಲಿ ದಿನಲೆಕ್ಕವೇ ಇಲ್ಲ, ಗಂಟೆಯ ಲೆಕ್ಕ. ನೆರೆ ಬಂದಾಗ ಬಿಲ ಬಿಟ್ಟ ಹಾವು ಸೌದೆ ರಾಶಿಗೆ, ಹುಲ್ಲಿನ ಬಣವೆಗೆ, ಮಾಡಿನ ಮೂಲೆಗೆ ಬರುತ್ತದೆ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಕೊಡುವ ಪ್ರತಿವಿಷ ಒಂದೇ. ಯಾವ ಹಾವು ಎಂದು ಹುಡುಕಿ ಹೊಡೆದು ಚೀಲದಲ್ಲಿ ತರುವ ಹೊತ್ತಿನಲ್ಲಿ ಆಸ್ಪತ್ರೆ ಮುಟ್ಟಬಹುದು. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಹೆಚ್ಚು, ಗಾಯ ಕಾಣುವುದಿಲ್ಲ, ನೋವೂ ಇರುವುದಿಲ್ಲ, ಬೆಳಗಿನ ಹೊತ್ತಿಗೆ ರೆಪ್ಪೆ ಇಳಿಯುತ್ತದೆ. ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಗೀರುವುದು, ಬಾಯಿಟ್ಟು ಹೀರುವುದು, ಮಂತ್ರ ಹಾಕಿಸುವುದು ಎಲ್ಲವೂ ಕಾಲ ಕಳೆಯುವ ದಾರಿಗಳು. ಕಚ್ಚಿದ ಕೈಕಾಲನ್ನು ಅಲುಗಿಸದೆ ಹಲಗೆ ಇಟ್ಟು ಸಡಿಲವಾಗಿ ಕಟ್ಟಿ ಹೊರಡಿ. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಕಚ್ಚಿದ ಮೇಲೆ ಹುಡುಕಬಾರದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ ಮೇಲೆ ಪ್ರತಿವಿಷ ಇದೆಯೇ ಎಂದು ಆಸ್ಪತ್ರೆಯನ್ನು ಕೇಳಲು ನಾವು ಹಿಂಜರಿಯಬೇಕಿಲ್ಲ. ಟಾರ್ಚು, ಗಂಬೂಟು, ಸೊಳ್ಳೆ ಪರದೆ ಇವು ಮೂರು ಹಳ್ಳಿಯಲ್ಲಿ ಉಳಿಸಿರುವ ಜೀವಗಳಿಗೆ ಲೆಕ್ಕ ಇಟ್ಟವರಿಲ್ಲ.

ಸಿಡಿಲಿಗೂ ಒಂದು ಮಾತು. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ಹೊಲದ ಒಂಟಿಮರದ ಕೆಳಗೆ ನಿಂತು ಸಾಯುವವರು ಹೆಚ್ಚಾಗಿ ಕುರಿ ಕಾಯುವವರು, ಕೂಲಿಯವರು. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ಯೂ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪೂ ಮುನ್ಸೂಚನೆ ಕೊಡುತ್ತವೆ. ಸಿನಿಮಾ ಹಾಡು ಕೇಳುವ ಫೋನಿನಲ್ಲಿ ಅವಕ್ಕೂ ಜಾಗವಿದೆ.

ಇಷ್ಟು ಹೊತ್ತು ಮನೆಯೊಳಗೆ ಉಳಿಯುವ ಮಾತಾಡಿದೆ. ಇನ್ನು ಮನೆ ಬಿಡುವ ಮಾತು, ಇದು ಕಷ್ಟದ್ದು. 2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದಲ್ಲಿ ಗುಡ್ಡ ಜಾರಿದಾಗ, 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಒಟ್ಟಿಗೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ಮುಳುಗಿದಾಗ, ಅಟ್ಟ ತುಂಬಿದ ಮನೆಗಳೂ ಹೋದವು. ಗಮನಿಸಿ, ಎರಡೂ ಆಶ್ಲೇಷಾ ಮಳೆಯ ಆಸುಪಾಸಿನಲ್ಲಿ ಆದದ್ದು. ಜೂನಿನಿಂದ ನೆನೆದ ನೆಲಕ್ಕೆ ಮತ್ತೆ ಜೋರು ಮಳೆ ಬೀಳುವುದು ಆಗ. ಗುಡ್ಡ ಜಾರುವ ಮುಂಚೆ ಹಲವು ಸಲ ಸೂಚನೆ ಕೊಡುತ್ತದೆ. ಅಂಗಳದಲ್ಲೋ ಗೋಡೆಯಲ್ಲೋ ಹೊಸ ಬಿರುಕು, ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಬಿಗಿಯುವುದು, ಕಂಬ ಮರಗಳು ವಾಲುವುದು, ಇಲ್ಲದ ಕಡೆ ಒರತೆ ಎದ್ದು ಬರುವುದು, ತಿಳಿ ಹಳ್ಳ ಏಕಾಏಕಿ ಕೆಂಪಗಾಗುವುದು. ಇವೆಲ್ಲಕ್ಕಿಂತ ಕೆಟ್ಟದ್ದು, ಸುರಿವ ಮಳೆಯಲ್ಲಿ ಹಳ್ಳದ ನೀರು ಇದ್ದಕ್ಕಿದ್ದಂತೆ ತಗ್ಗುವುದು. ಮೇಲೆ ಎಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿದೆ ಎಂದರ್ಥ. ಆಗ ಸಾಮಾನು ಕಟ್ಟುತ್ತ ಕೂರಬಾರದು.

ಜನ ಮನೆ ಬಿಡದಿರುವುದು ಹಟದಿಂದ ಎಂದು ಅಧಿಕಾರಿಗಳು ಹೇಳುವುದುಂಟು. ಹಟವಲ್ಲ, ಕೊಟ್ಟಿಗೆ. ಪರಿಹಾರ ಕೇಂದ್ರದಲ್ಲಿ ಮನುಷ್ಯರಿಗೆ ಚಾಪೆ ಇದೆ, ಎಮ್ಮೆಗೆ ಜಾಗವಿಲ್ಲ. ಪ್ರತಿ ಪಂಚಾಯಿತಿಯೂ ಎತ್ತರದ ಒಂದು ಜಾಗವನ್ನು ದನಕ್ಕೆಂದೇ ಗುರುತು ಮಾಡಿ, ಅಲ್ಲಿಗೆ ಬೇಸಿಗೆಯಲ್ಲೇ ಒಣಹುಲ್ಲು ಏರಿಸಿಟ್ಟರೆ ಅರ್ಧ ಜನ ಹೇಳಿದ ಮೊದಲ ಮಾತಿಗೇ ಹೊರಡುತ್ತಾರೆ ಎಂದು ನನ್ನ ನಂಬಿಕೆ. ಒಂದು ಹಸುವಿಗೆ ದಿನಕ್ಕೆ ಆರು ಕಿಲೋದಂತೆ ಲೆಕ್ಕ ಹಾಕಿ. ಗಂಟಲು ಬೇನೆ, ಚಪ್ಪೆ ಬೇನೆಯ ಲಸಿಕೆ ಮಳೆಗೆ ಮುಂಚೆಯೇ ಆಗಿರಬೇಕು. ಹೊರಡಲು ಹೊತ್ತೇ ಇಲ್ಲವಾದರೆ ಕೊರಳ ಹಗ್ಗ ಬಿಚ್ಚಿಬಿಡಿ, ಆಗದಿದ್ದರೆ ಕೊಯ್ದುಬಿಡಿ. ಕಟ್ಟಿಹಾಕದ ದನ ಈಜಿ ಬದುಕಬಹುದು.

ಕಾಗದಪತ್ರದ ಮಾತೂ ಸಣ್ಣದಲ್ಲ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ಇಂಥ ಪರಿಹಾರಕ್ಕೆ ಮನೆ ತಮ್ಮದೆಂದು ತೋರಿಸಬೇಕು. ಅಣ್ಣತಮ್ಮಂದಿರ ಬಾಯಿಮಾತಿನ ಪಾಲಿನಲ್ಲಿ ಕಟ್ಟಿದ ಮನೆ, ಗೋಮಾಳದಂಚಿನ ಮನೆ, ಸತ್ತ ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ಇಂಥವುಳ್ಳವರೆಲ್ಲ ಕಚೇರಿಯ ಮೆಟ್ಟಿಲಲ್ಲಿ ಕೂರುತ್ತಾರೆ. ಪಹಣಿ, ಖಾತೆ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ದನದ ವಿಮೆಯ ಕಾಗದ ಇವುಗಳ ನಕಲು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹಿಂದೆ ನೇತಾಡಲಿ. ಮನೆಯ ನಾಲ್ಕೂ ಬದಿಯ ಫೋಟೊ ತೆಗೆದು ದೂರದ ಊರಲ್ಲಿರುವ ಮಗನಿಗೋ ಮಗಳಿಗೋ ಕಳಿಸಿಡಿ. ಆಂಬುಲೆನ್ಸಿಗೆ 108, ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ಕರೆಂಟಿಗೆ 1912, ದನದ ವೈದ್ಯರಿಗೆ 1962. ಇವನ್ನು ಫೋನಿನೊಳಗೆ ಬರೆದಿಟ್ಟರೆ ಫೋನು ಸತ್ತ ದಿನ ಅವೂ ಸಾಯುತ್ತವೆ. ಗೋಡೆಯ ಮೇಲೆ ಮಸಿಯಲ್ಲಿ ದಪ್ಪಗೆ ಬರೆಯಿರಿ. ಸೆಲ್ಲು ಹಾಕುವ ಒಂದು ಸಣ್ಣ ರೇಡಿಯೋ ಕೊಳ್ಳಿ. ಟವರು ನಿಂತ ಮೇಲೂ ಭದ್ರಾವತಿ, ಧಾರವಾಡದ ಆಕಾಶವಾಣಿ ಕೇಳಿಸುತ್ತದೆ.

ಹದಿನೈದು ದಿನದ ತಯಾರಿ ಎಲ್ಲ ಮನೆಗೂ ಆಗದು. ದಿನಗೂಲಿಯ ಮನೆಗೆ ಮೂವತ್ತು ಕಿಲೋ ಅಕ್ಕಿ ಹೆಚ್ಚಿಗೆ ಇಟ್ಟುಕೊಳ್ಳಿ ಎನ್ನುವುದು ಉಪದೇಶವಾದೀತೇ ಹೊರತು ಉಪಾಯವಲ್ಲ. ಒಂಟಿ ಮುದುಕಿಯ ಮನೆಗೆ ಡ್ರಮ್ಮು ತುಂಬಿಸುವವರು ಯಾರು? ಅದಕ್ಕೇ ನಾನು ಮನೆಯ ದಿನಲೆಕ್ಕದ ಜೊತೆಗೆ ಕೇರಿಯ ದಿನಲೆಕ್ಕ ಎನ್ನುತ್ತೇನೆ. ಊರಿನ ದಿನಲೆಕ್ಕವೂ ಅತ್ಯಂತ ಬಡ ಮನೆಯದ್ದೇ ಆಗಿರುತ್ತದೆ. ನಮ್ಮ ಸ್ತ್ರೀಶಕ್ತಿ ಬಗೆಯ ಸ್ವಸಹಾಯ ಸಂಘಗಳು ವಾರವಾರ ಹಣ ಕೂಡಿಸುತ್ತವೆ. ಬೇಸಿಗೆಯಲ್ಲಿ ಒಂದು ಮೂಟೆ ಅಕ್ಕಿ, ಒಂದು ಡಬ್ಬಿ ಬ್ಲೀಚಿಂಗ್ ಪುಡಿ, ನೂರು ಓಆರ್‌ಎಸ್ ಪೊಟ್ಟಣ ಕೂಡಿಸುವುದು ಅವರಿಗೆ ಭಾರವಲ್ಲ. ಶಾಲೆಯ ಅಟ್ಟದಲ್ಲಿ ಇಟ್ಟು, ಮಳೆ ಮುಗಿದ ಮೇಲೆ ಅಕ್ಕಿಯನ್ನು ಬಿಸಿಯೂಟಕ್ಕೋ ಊರ ಹಬ್ಬಕ್ಕೋ ಬಳಸಿ, ಮುಂದಿನ ವರ್ಷ ಹೊಸದು ಇಟ್ಟರಾಯಿತು. ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಎಲ್ಲಿ ಬಸುರಿಯರಿದ್ದಾರೆ ಎಂಬುದೆಲ್ಲ ಬಾಯಿಪಾಠ. ಆ ತಿಳಿವಳಿಕೆ ಪಂಚಾಯಿತಿಯ ಕಾಗದದ ಮೇಲೆ ಬಂದಿರಬೇಕು, ಅಂಥವರನ್ನು ಹೊತ್ತು ಒಯ್ಯುವ ಇಬ್ಬರು ಯುವಕರ ಹೆಸರು ಎದುರಿಗೆ ಬರೆದಿರಬೇಕು. ಮಕ್ಕಳು ದಾಟುವ ಕಾಲುಸಂಕಗಳ ಪಟ್ಟಿಯೂ ಬೇಕು. 2022ರ ಆಗಸ್ಟ್‌ನಲ್ಲಿ ಬೈಂದೂರಿನ ಬಳಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿ ಸಂಕದಿಂದ ಜಾರಿ ಹೊಳೆಪಾಲಾದಳು. ಮಳೆ ಜೋರಾದ ದಿನ ಯಾವ ಸಂಕ ದಾಟಬಾರದು, ಯಾರು ನಿಂತು ತಡೆಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸುವುದಕ್ಕೆ ಅನುದಾನ ಬೇಕಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೆ ಹೊಣೆ ಹೊರಿಸಿದೆ. ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು: ಮುಂದಿನ ಮೇ ತಿಂಗಳಲ್ಲಿ, ರೋಹಿಣಿ ಮಳೆ ಹಿಡಿಯುವ ಮುಂಚೆ, ನಿಮ್ಮ ಪಂಚಾಯಿತಿಯಲ್ಲಿ ಒಂದು ಗ್ರಾಮಸಭೆ ಕೇಳಿ ಕರೆಸಿ. ಮುಂಗಡ ಪಡಿತರ, ದನಕ್ಕೆ ಎತ್ತರದ ಜಾಗ, ಪ್ರತಿವಿಷ ಇರುವ ಆಸ್ಪತ್ರೆಯ ಹೆಸರು, ಹಾಸಿಗೆ ಹಿಡಿದವರ ಪಟ್ಟಿ, ಅಪಾಯದ ಸಂಕಗಳ ಪಟ್ಟಿ, ಈ ಐದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ನಿಮ್ಮ ಸಹಿ ಹಾಕಿ ಬನ್ನಿ.